ನಿಮ್ಮ ಪ್ರಶ್ನೆ: ಟೈಮು ಬಾರಿಸಿ ಹೇಳೋ ಲೇಡೀಸ್ ವಾಚು

ಹೋದ ಸಂಚಿಕೇಲಿ ಮಿನಿಟ್ ರಿಪೀಟರ್ ಅನ್ನೋ ವಾಚಿನ ಬಗ್ಗೆ, ಅದರಲ್ಲೂ ಹೆಂಗಸರಿಗಾಗಿಯೇ ಮಾಡಿದ ಅಪರೂಪದ ರಿಪೀಟರುಗಳ ಬಗ್ಗೆ ಅರ್ಧ ಪುಟ ಬರೆದಿದ್ವಿ. ಕೇಸಿನ, ಅಂದ್ರೆ ವಾಚಿನ ಹೊರಗಿನ ಲೋಹದ ಕವಚದ, ಪಕ್ಕದ ಸಣ್ಣ ಗುಂಡಿ ಜಾರಿಸಿದ್ರೆ ಆ ಹೊತ್ತಿನ ಗಂಟೆ ನಿಮಿಷ ಎಲ್ಲಾ ಟಿಣ್ ಟಿಣ್ ಅಂತ ಬಾರಿಸಿ ಹೇಳೋ ಕೈಗಡಿಯಾರ ಅದು, ಒಳಗೆ ಸೆಲ್ಲಿಲ್ಲ ಚಿಪ್ಪಿಲ್ಲ, ಬರೀ ಸ್ಪ್ರಿಂಗು ಮತ್ತೆ ಹಲ್ಲುಚಕ್ರ. ನಮ್ಮ ಕರಾವಳಿ ಕಡೆಯಿಂದ, ಘಟ್ಟದ ಮೇಲಿಂದ ಇಷ್ಟೊಂದು ಪ್ರಶ್ನೆ ಬರ್ತದೆ ಅಂತ ಅಂದ್ಕೊಂಡಿರ್ಲಿಲ್ಲ. ಆರಿಸಿದ ಕೆಲವಕ್ಕೆ ಇಲ್ಲಿ ಉತ್ತರ.

*ಪ್ರಶ್ನೆ: ಕೋಟಿಗಟ್ಟಲೆ ರೇಟು ಅಂತೀರಿ. ಆ ದುಡ್ಡಲ್ಲಿ ನಮ್ಮ ಕಡೆ ಒಳ್ಳೇ ಅಡಿಕೆ ತೋಟವೇ ಬರ್ತದೆ. ಮೊಬೈಲ್ ಎತ್ತಿದ್ರೆ ಟೈಮ್ ಕಾಣ್ತದೆ. ಆ ವಾಚಲ್ಲಿ ಅಂಥದ್ದೇನದೆ? — ಶಿರಸಿಯಿಂದ ಒಬ್ಬ ಗೃಹಿಣಿ*

ಅಕ್ಕಾ, ಟೈಮು ತಿಳ್ಕೊಳ್ಳೋದೊಂದೇ ಕೆಲಸ ಆಗಿದ್ರೆ ಖಂಡಿತ ಬೇಡ, ತೋಟವೇ ತಗೊಳ್ಳಿ. ಆದ್ರೆ ಒಳಗೆ ಏನಾಗ್ತದೆ ಅಂತ ಒಂದ್ಸಲ ಕೇಳಿ.

ಕರೆಂಟ್ ಇಲ್ಲದ ಕಾಲದಲ್ಲಿ ರಾತ್ರಿ ಎಚ್ಚರ ಆದ್ರೆ ಟೈಮು ನೋಡೋಕೆ ದೀಪ ಹಚ್ಚಬೇಕಿತ್ತು, ಆ ತಾಪತ್ರಯ ತಪ್ಪಿಸೋಕೇ ಇದು ಹುಟ್ಟಿದ್ದು. 1680ರ ದಶಕದಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಬಾರ್ಲೋ ಮತ್ತು ಡೇನಿಯಲ್ ಕ್ವೇರ್ ಇಬ್ಬರೂ ಇದು ನನ್ನದು ನನ್ನದು ಅಂತ ಜಗಳ ಆಡಿ, ಕೊನೆಗೆ 1687ರಲ್ಲಿ ರಾಜ ಎರಡನೇ ಜೇಮ್ಸ್ ಕ್ವೇರ್ ಪರ ತೀರ್ಪು ಕೊಟ್ಟ. ಆಗಿನ ವಾಚುಗಳಲ್ಲಿ ಸಣ್ಣ ಗಂಟೆಯ ಬಟ್ಟಲು ಇರ್ತಿತ್ತು, ವಾಚು ದಪ್ಪ ಆಗ್ತಿತ್ತು. ಪ್ಯಾರಿಸ್ಸಿನ ಅಬ್ರಹಾಂ ಲೂಯಿ ಬ್ರೆಗೆ 1783ರ ಹೊತ್ತಿಗೆ ಬಟ್ಟಲು ತೆಗೆದು ಅದರ ಜಾಗಕ್ಕೆ ಬಾಗಿಸಿದ ಉಕ್ಕಿನ ತಂತಿ ಹಾಕಿದ, ವಾಚು ತೆಳ್ಳಗಾಯ್ತು, ಇವತ್ತಿಗೂ ಅದೇ ಪದ್ಧತಿ. ಮಷೀನಿನ ಸುತ್ತ ಎರಡು ತಂತಿ, ಎರಡು ಪುಟಾಣಿ ಸುತ್ತಿಗೆ. ದಪ್ಪ ಸ್ವರದಲ್ಲಿ ಗಂಟೆ, ಎರಡೂ ಸ್ವರ ಜೋಡಿಯಾಗಿ ಕಾಲು ಗಂಟೆ, ತೆಳು ಸ್ವರದಲ್ಲಿ ಉಳಿದ ನಿಮಿಷ. ಈಗ ಹತ್ತು ಗಂಟೆ ನಲವತ್ತೆಂಟು ನಿಮಿಷ ಅಂತಿಟ್ಕೊಳ್ಳಿ, ಹತ್ತು ಸಲ ಡೊಂಯ್, ಮೂರು ಸಲ ಟಿಂಗ್‌ಡೊಂಯ್, ಆಮೇಲೆ ಮೂರು ಸಲ ಟಿಂಗ್. ಎಲ್ಲಕ್ಕಿಂತ ಉದ್ದ 12 ಗಂಟೆ 59 ನಿಮಿಷಕ್ಕೆ, ಹನ್ನೆರಡು, ಮೂರು, ಹದಿನಾಲ್ಕು. ಎಲ್ಲಕ್ಕಿಂತ ಗಿಡ್ಡ ಸರಿಯಾಗಿ ಒಂದು ಗಂಟೆಗೆ, ಒಂದೇ ಒಂದು ಏಟು.

ಲೆಕ್ಕ ಹಾಕೋದು ಯಾರು ಅಂದ್ರೆ ಮೂರು ಲೋಹದ ಬಿಲ್ಲೆ. ಅಂಚನ್ನ ಬಸವನಹುಳದ ಚಿಪ್ಪಿನ ಹಾಗೆ ಸುತ್ತಿಕೊಂಡು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿರ್ತಾರೆ. ಗಂಟೆಯದಕ್ಕೆ 12 ಮೆಟ್ಟಿಲು, ಕಾಲು ಗಂಟೆಯದಕ್ಕೆ 4, ನಿಮಿಷದ್ದಕ್ಕೆ ನಾಲ್ಕು ತೋಳು, ಒಂದೊಂದು ತೋಳಲ್ಲೂ ಸೊನ್ನೆಯಿಂದ ಹದಿನಾಲ್ಕರ ತನಕದ ಮೆಟ್ಟಿಲು. ನೀವು ಗುಂಡಿ ಜಾರಿಸಿದಾಗ ಎರಡು ಕೆಲಸ ಒಟ್ಟಿಗೆ ಆಗ್ತದೆ, ಬಾರಿಸೋ ಸ್ಪ್ರಿಂಗಿಗೆ ಕೀ ಸಿಗ್ತದೆ, ಮತ್ತೆ ಒಂದೊಂದು ಬೆರಳಿನಂಥ ಕಡ್ಡಿ ಆ ಬಿಲ್ಲೆಗಳ ಮೇಲೆ ಬಿದ್ದು ಯಾವ ಮೆಟ್ಟಿಲ ಮೇಲೆ ಕೂತಿದ್ದೇನೆ ಅಂತ ತಡವಿ ನೋಡ್ತದೆ, ಎಷ್ಟು ಆಳಕ್ಕೆ ಇಳೀತೋ ಅಷ್ಟು ಏಟು. ಗುಂಡಿ ಪೂರ್ತಿ ಜಾರಿಸದೆ ಅರ್ಧಕ್ಕೆ ಬಿಟ್ರೆ ತಪ್ಪು ಟೈಮು ಹೇಳಬಾರದು ಅಂತ ಬಾರಿಸದೇ ಸುಮ್ಮನಿರೋ ಏರ್ಪಾಡೂ ಒಳ್ಳೇ ರಿಪೀಟರಲ್ಲಿ ಇರ್ತದೆ. ಇದೆಲ್ಲಾ ಮುನ್ನೂರಕ್ಕೂ ಹೆಚ್ಚು ಬಿಡಿಭಾಗದಲ್ಲಿ, ಒಂದು ನಾಣ್ಯದಷ್ಟು ಜಾಗದಲ್ಲಿ. ತಂತಿಯ ಸ್ವರ ಸರಿ ಮಾಡೋದು ಕೈಯಿಂದ, ಅರ ಹಿಡಿದು ಚೂರೇ ಚೂರು ಉಜ್ಜಿ, ಕಿವಿಗೊಟ್ಟು ಕೇಳಿ, ಮತ್ತೆ ಉಜ್ಜಿ. ಜಿನೀವಾದ ಪಟೇಕ್ ಫಿಲಿಪ್ ಕಂಪನೀಲಿ ಪ್ರತಿಯೊಂದು ರಿಪೀಟರನ್ನೂ ಹೊರಗೆ ಕಳಿಸೋ ಮೊದಲು ಮಾಲೀಕ ಥಿಯೆರಿ ಸ್ಟರ್ನ್ ಅವರೇ ಕೂತು ಕೇಳಿ ಒಪ್ಪಬೇಕು, ಅವರ ತಂದೆ ಫಿಲಿಪ್ ಸ್ಟರ್ನ್ ಕಾಲದಲ್ಲೂ ಹಾಗೇ ಇತ್ತು. ರೇಟು ಹೋಗೋದು ಈ ಕೈಗೆ, ಈ ಕಿವಿಗೆ.

*ಪ್ರಶ್ನೆ: ನಮ್ಮ ಮಾವಶಿ, ಅಂದ್ರೆ ಆಯಿಯ ಅಕ್ಕ, ಮುಂಬೈಲಿ ಒಂದು ದೊಡ್ಡ ಮನೇಲಿ ನರ್ಸಾಗಿದ್ರು. ಆ ಮನೆಯ ಯಜಮಾನಿ ಇವರಿಗೆ ಪ್ರೀತಿಯಿಂದ ಕೊಟ್ಟ ಚಿನ್ನದ ಸಣ್ಣ ವಾಚು ಈಗ ನನ್ನ ಹತ್ರ ಬಂದಿದೆ. ಎಡಗಡೆ ಜಾರಿಸೋ ಗುಂಡಿ ಇದೆ, ಜಾರಿಸಿದ್ರೆ ಬಾರಿಸ್ತದೆ, ಈಗೀಗ ಮಧ್ಯದಲ್ಲೇ ನಿಧಾನ ಆಗಿ ನಿಲ್ತದೆ. ಹಿಂದಿನ ಮುಚ್ಚಳದಲ್ಲಿ ಕಂಡೂ ಕಾಣದ ಹಾಗೆ ಹೆಂಗಸಿನ ಮುಖದ ಗುರುತು. ಒಬ್ಬ ಸೊನಗಾರರು ತೂಕಕ್ಕೆ ಕೊಡಿ ಅಂತಾರೆ, ಒಬ್ಬ ರಿಪೇರಿಯವರು ಬಿಚ್ಚಿ ಎಣ್ಣೆ ಹಾಕ್ತೇನೆ ಅಂತಾರೆ. ಏನು ಮಾಡ್ಲಿ? — ಕಾರವಾರದಿಂದ ಒಬ್ಬ ಓದುಗಿ*

ತಂಗೀ, ಮೊದಲನೇದಾಗಿ ಎರಡೂ ಬೇಡ. ತೂಕಕ್ಕಂತೂ ಖಂಡಿತ ಬೇಡ, ಕೇಸು ಕರಗಿಸಿದ್ರೆ ಸಿಗೋದು ಒಂದಿಷ್ಟು ಚಿನ್ನ ಅಷ್ಟೇ, ಬಾರಿಸೋ ಮಷೀನು ಗುಜರಿಗೆ ಹೋಗ್ತದೆ, ಈ ಥರ ಎಷ್ಟು ಒಳ್ಳೊಳ್ಳೇ ವಾಚು ನಮ್ಮ ದೇಶದಲ್ಲಿ ಕರಗಿ ಹೋಗಿದೆಯೋ ನೆನೆಸಿಕೊಂಡ್ರೆ ಹೊಟ್ಟೆ ಉರೀತದೆ.

ಹೆಂಗಸಿನ ಮುಖ ಅಂದ್ರಲ್ಲ, ಅದು ಹೆಲ್ವೇಷಿಯಾ ಅನ್ನೋ ಸ್ವಿಸ್ ಗುರುತೇ ಆಗಿದ್ರೆ ಕೇಸು 18 ಕ್ಯಾರೆಟ್ ಚಿನ್ನ ಅಂತ ಅರ್ಥ. ಈ ಮುದ್ರೆ 1880ರ ದಶಕದಿಂದ 1995ರವರೆಗೆ ಇತ್ತು, ಆಮೇಲೆ ಸೇಂಟ್ ಬರ್ನಾರ್ಡ್ ನಾಯಿಯ ತಲೆ ಬಂತು. ಪಕ್ಕದಲ್ಲಿ 0.750 ಅಂತ ಇದೆಯಾ ಭೂತಗನ್ನಡಿ ಹಿಡಿದು ನೋಡಿ. ಆದ್ರೆ ಇದು ಬರೀ ಕೇಸಿನ ಮಾತು, ಒಳಗಿನ ಮಷೀನು ಯಾರದ್ದು ಅಂತ ಹೇಳೋದಿಲ್ಲ. ಹಳೇ ಕಾಲದಲ್ಲಿ ಡಯಲ್ ಮೇಲೆ ಅಂಗಡಿಯವರ ಹೆಸರು, ಒಳಗೆ ಸ್ವಿಜರ್ಲೆಂಡಿನ ಜೂ ಕಣಿವೆಯ ಯಾವುದೋ ಕಾರ್ಖಾನೆಯ ಮಷೀನು, ಹೀಗೆ ಇರೋದು ಸಾಮಾನ್ಯ. ಇನ್ನೊಂದು ನೋಡ್ಬೇಕು, ಬೆಲ್ಟು ಸಿಕ್ಕಿಸೋ ಕೊಂಡಿ ಕೇಸಿನ ಜೊತೆಗೇ ಹುಟ್ಟಿದ್ದಾ ಅಥವಾ ಆಮೇಲೆ ಬೆಸುಗೆ ಹಾಕಿದ್ದಾ ಅಂತ. ಆಗಿನ ಹೆಂಗಸರು ವಾಚನ್ನ ಕೊರಳಿಗೆ ನೇತು ಹಾಕ್ಕೊಳ್ತಿದ್ರು, ಕೈಗೆ ಕಟ್ಟೋ ಫ್ಯಾಷನ್ ಬಂದ ಮೇಲೆ ಅದಕ್ಕೇ ಕೊಂಡಿ ಬೆಸೆದು ಪಟ್ಟಿ ಹಾಕಿಸಿದ್ದೂ ಉಂಟು. ಹಾಗಿದ್ರೂ ಬೇಜಾರು ಬೇಡ, ಬಾರಿಸೋ ವಾಚು ಬಾರಿಸೋ ವಾಚೇ.

ಮಧ್ಯದಲ್ಲಿ ನಿಲ್ಲೋದಕ್ಕೆ ಹೆಚ್ಚಾಗಿ ಕಾರಣ ಹಳೇ ಎಣ್ಣೆ ಒಣಗಿ ಅಂಟಾಗಿರೋದು. ಏಟಿನ ವೇಗ ಹದದಲ್ಲಿ ಇಡೋಕೆ ಒಂದು ಸಣ್ಣ ಚಕ್ರ ಗಿರಗಿರ ತಿರುಗ್ತಿರ್ತದೆ, ಅದಕ್ಕೆ ಅಂಟು ಹಿಡಿದ್ರೆ ಮೊದಲು ನಿಧಾನ, ಆಮೇಲೆ ಸ್ತಬ್ಧ. ಇವತ್ತಿಂದ ಗುಂಡಿ ಜಾರಿಸೋದು ನಿಲ್ಲಿಸಿ, ಒಣಗಿದ ಮಷೀನನ್ನ ಓಡಿಸಿದಷ್ಟೂ ಲೋಹ ಸವೀತದೆ. ಬಾರಿಸ್ತಾ ಇರುವಾಗ, ಅಥವಾ ಅರ್ಧಕ್ಕೆ ನಿಂತಿರುವಾಗ ಮುಳ್ಳು ತಿರುಗಿಸಿದ್ರಂತೂ ಆ ಬಿಲ್ಲೆ ಮೆಟ್ಟಿಲು ಕಡ್ಡಿ ಎಲ್ಲಾ ಒಂದಕ್ಕೊಂದು ಸಿಕ್ಕಿ ಮುರಿಯೋ ಅಪಾಯ ಅದೆ. ರಿಪೇರಿಯವರ ಬಗ್ಗೆ ನನಗೆ ಗೌರವ ಅದೆ, ಎಚ್‌ಎಂಟಿ ಕಾಲದಿಂದ ಸಾವಿರಾರು ವಾಚು ಕೈಯಾಡಿಸಿದವರು ಅವರು, ಆದ್ರೆ ರಿಪೀಟರ್ ಬೇರೆ ವಿದ್ಯೆ. ಅದನ್ನೇ ಕಲಿತವರು ಸ್ವಿಜರ್ಲೆಂಡಲ್ಲೂ ಕಮ್ಮಿ. ತಂತಿಗೆ ತುಕ್ಕು ಕಂಡು ಸ್ಯಾಂಡ್ ಪೇಪರ್ ಉಜ್ಜಿದ್ರೆ ಸಾಕು, ಸ್ವರ ಹೋಯ್ತು.

ತುಕ್ಕು ಅಂದ ಮೇಲೆ ನಮ್ಮೂರಿನ ಹವೆಯ ವಿಷಯ ಬರ್ತದೆ, ಕಾರವಾರದಲ್ಲಿ ಇದೇ ದೊಡ್ಡ ಶತ್ರು. ಜಾರಿಸೋ ಗುಂಡಿಗೆ ಕೇಸಿನ ಪಕ್ಕದಲ್ಲಿ ಸೀಳು ಬೇಕಲ್ಲ, ಅಲ್ಲಿಂದ ತೇವ ಒಳಗೆ ಹೋಗ್ತದೆ, ಹಳೇ ರಿಪೀಟರಿಗೆ ವಾಟರ್‌ಪ್ರೂಫ್ ಅನ್ನೋದೇ ಇಲ್ಲ, ಹೊಸ ದುಬಾರಿ ರಿಪೀಟರಲ್ಲೂ ಎಷ್ಟೋ ಮಾಡೆಲಿಗೆ ಧೂಳು ತೇವದಿಂದ ಮಾತ್ರ ರಕ್ಷಣೆ ಅಂತ ಕಂಪನಿಯವರೇ ಬರೆದಿರ್ತಾರೆ. ಒಳಗಿನ ತಂತಿ ಉಕ್ಕು, ಉಪ್ಪುಗಾಳಿ ಸಾಕು ಅದಕ್ಕೆ. ಜೂನಿಂದ ಸೆಪ್ಟೆಂಬರ್ ತನಕ ಕಪಾಟಿನೊಳಗಿನ ರೇಷ್ಮೆ ಸೀರೆಗೇ ಬೂಷ್ಟು ಹಿಡೀತದೆ, ಚಪ್ಪಲಿ ಹಸಿರಾಗ್ತದೆ, ಇನ್ನು ಅಷ್ಟು ಸಣ್ಣ ತಂತಿಯ ಗತಿ ಏನು. ಹಾಗಾಗಿ ಬಿಗಿ ಮುಚ್ಚಳದ ಡಬ್ಬಿ ತಗೊಳ್ಳಿ, ಮೆತ್ತನೆ ಬಟ್ಟೆಯಲ್ಲಿ ವಾಚು, ಜೊತೆಗೆ ಬಣ್ಣ ಬದಲಾಗೋ ಜಾತಿಯ ಸಿಲಿಕಾ ಜೆಲ್ ಪ್ಯಾಕೆಟ್, ಬಣ್ಣ ಬದಲಾದ ಕೂಡಲೇ ಪ್ಯಾಕೆಟ್ ಬದಲಿಸಿ. ಸ್ಪೀಕರ್, ಅಯಸ್ಕಾಂತದ ಮೊಬೈಲ್ ಕವರ್ ಹತ್ರ ಇಡಬೇಡಿ.

ಆಮೇಲೆ ಮುಂದೆ, ಹಿಂದೆ, ಗುಂಡಿ, ಮುದ್ರೆ ಎಲ್ಲದರ ಸ್ಪಷ್ಟ ಫೋಟೋ ತೆಗೀರಿ. ಡಯಲ್ ಮೇಲೆ ಹೆಸರಿದ್ರೆ ಆ ಕಂಪನಿಗೇ ನೇರ ಬರೀರಿ. ಹಳೇ ದೊಡ್ಡ ಕಂಪನಿಗಳ ಹತ್ರ ಕೇಸ್ ನಂಬರು ಮಷೀನ್ ನಂಬರಿನ ರಿಜಿಸ್ಟರ್ ಇರ್ತದೆ, ಪಟೇಕ್ ಅಂಥವರು ಫೀ ತಗೊಂಡು ಯಾವ ವರ್ಷ ಮಾಡಿದ್ದು ಯಾವಾಗ ಮಾರಿದ್ದು ಅಂತ ಬರೆದೂ ಕೊಡ್ತಾರೆ. ಮುಚ್ಚಳ ತೆಗೆಯೋ ಕೆಲಸ ಮುಂಬೈಲೋ ಬೆಂಗಳೂರಲ್ಲೋ ಕಂಪನಿಯ ಸರ್ವಿಸ್ ಸೆಂಟರಲ್ಲಿ, ನಿಮ್ಮ ಕಣ್ಣೆದುರಿಗೇ ಆಗ್ಲಿ. ರಿಪೇರಿಗೆ ಸಾಮಾನ್ಯವಾಗಿ ಸ್ವಿಜರ್ಲೆಂಡಿಗೇ ಕಳಿಸ್ತಾರೆ, ತಿಂಗಳುಗಟ್ಟಲೆ ಹಿಡೀತದೆ, ಖರ್ಚು ಜಾಸ್ತಿ. ಈಗ ಕೈಲಾಗದಿದ್ರೆ ಒಣ ಡಬ್ಬಿಯಲ್ಲಿ ಹಾಗೇ ಇರ್ಲಿ, ಒಣಗಿದ್ದ ಜಾಗದಲ್ಲಿ ನಿಂತ ವಾಚು ಹಾಳಾಗೋದಿಲ್ಲ. ಮಾವಶಿ ಇದ್ರೆ ಅವರನ್ನೇ ಕೂರಿಸಿ ಆ ಮನೆ ಯಾವುದು, ಯಾವ ವರ್ಷ ಕೊಟ್ಟಿದ್ದು ಅಂತ ಕೇಳಿ ಬರೆದಿಟ್ಕೊಳ್ಳಿ, ನಾಳೆ ವಾಚಿನ ಚರಿತ್ರೆ ಹುಡುಕುವಾಗ ಆ ಕಾಗದ ಬೇಕಾಗ್ತದೆ.

*ಪ್ರಶ್ನೆ: ಲೇಡೀಸ್ ವಾಚು ಅಂದ್ರೆ ಗಂಡಸರ ವಾಚನ್ನೇ ಸಣ್ಣ ಮಾಡಿ ಹರಳು ಕೂರಿಸಿದ್ದು ತಾನೆ? ಇದೂ ಹಾಗೇ ಅಲ್ವಾ? — ಕುಮಟಾದಿಂದ ಒಬ್ಬ ಶಿಕ್ಷಕಿ*

ಅಕ್ಕೋರೇ, ನಿಮ್ಮ ಸಿಟ್ಟು ನ್ಯಾಯವಾದದ್ದೇ, ಅಂಗಡಿಗಳಲ್ಲಿ ಸಿಗೋದು ಹೆಚ್ಚು ಅಂಥದ್ದೇ. ಆದ್ರೆ ಇತಿಹಾಸ ನೋಡಿದ್ರೆ ವಿಷಯ ಉಲ್ಟಾ ಅದೆ! ದಾಖಲೆಯಲ್ಲಿ ಸಿಗೋ ಮೊದಮೊದಲ ಕೈಗಡಿಯಾರವೇ ಹೆಂಗಸಿಗೆ ಮಾಡಿದ್ದು, ಮತ್ತು ಅದು ಬಾರಿಸೋ ವಾಚು.

ನೇಪಲ್ಸಿನ ರಾಣಿ ಕ್ಯಾರೊಲಿನ್ ಮ್ಯೂರಾ, ನೆಪೋಲಿಯನ್ನನ ತಂಗಿ, 1810ರ ಜೂನಲ್ಲಿ ಬ್ರೆಗೆಗೆ ಆರ್ಡರ್ ಕೊಟ್ಟಳು, ಬಳೆಯ ಹಾಗೆ ಕೈಗೆ ಹಾಕಿಕೊಳ್ಳೋ ರಿಪೀಟರ್ ಬೇಕು ಅಂತ. ಅಂಥದ್ದನ್ನ ಯಾರೂ ಮಾಡಿರದ ಕಾಲ. ನಂಬರ್ 2639 ಅಂತ ಅದರ ಗುರುತು. ಉದ್ದುದ್ದದ ಆಕಾರ, ತೆಳ್ಳಗೆ, ಥರ್ಮಾಮೀಟರೂ ಇತ್ತು, ಪಟ್ಟಿ ಮಾಡಿದ್ದು ಚಿನ್ನದ ಎಳೆ ಸೇರಿಸಿ ಹೆಣೆದ ಕೂದಲಿಂದ. 17 ಜನ ಕೆಲಸ ಮಾಡಿದ್ರು, ರಿಜಿಸ್ಟರಲ್ಲಿ 34 ಬೇರೆ ಬೇರೆ ಹಂತದ ಕೆಲಸ ಬರೆದಿದೆ, ಮುಗಿದದ್ದು 1812ರ ಡಿಸೆಂಬರಲ್ಲಿ. 1849ರಲ್ಲಿ ರಾಣಿಯ ಮಗಳು ಅದನ್ನ ರಿಪೇರಿಗೆ ತಂದ ದಾಖಲೆ ಇದೆ, 1855ರಲ್ಲಿ ಮತ್ತೊಂದ್ಸಲ. ಅಲ್ಲಿಂದಾಚೆ ವಾಚಿನ ಪತ್ತೆಯೇ ಇಲ್ಲ. ಯಾವ ಮ್ಯೂಸಿಯಮ್ಮಲ್ಲೂ ಇಲ್ಲ, ಒಂದು ಚಿತ್ರವೂ ಸಿಕ್ಕಿಲ್ಲ, ಉಳಿದಿರೋದು ಲೆಕ್ಕದ ಪುಸ್ತಕದ ಆ ಸಾಲುಗಳು ಮಾತ್ರ. ಮೇಲಿನ ಕಾರವಾರದ ಓದುಗಿಗೆ ಬರೆದಿಟ್ಕೊಳ್ಳಿ ಅಂತ ನಾನು ಹಟ ಹಿಡಿಯೋದು ಇದಕ್ಕೇ.

ಆಮೇಲೆ ಸುಮಾರು ನೂರು ವರ್ಷ ಗಂಡಸರು ಕೈಗೆ ವಾಚು ಕಟ್ಟೋದು ಹೆಂಗಸರ ಶೋಕಿ ಅಂತ ಜೇಬಲ್ಲೇ ಇಟ್ಕೊಂಡು ಓಡಾಡಿದ್ರು. 1892ರಲ್ಲಿ ಲೂಯಿ ಬ್ರಾಂಟ್ ಕಂಪನಿ, ಅದೇ ಮುಂದೆ ಒಮೆಗಾ ಆದದ್ದು, ಔಡೆಮಾ ಪಿಗೆ ಅನ್ನೋ ಇನ್ನೊಂದು ಸ್ವಿಸ್ ಕಂಪನಿಯ ಮಷೀನು ಹಾಕಿ ಕೈಗೆ ಕಟ್ಟೋ ಮಿನಿಟ್ ರಿಪೀಟರ್ ಮಾಡಿತು. 1916ರಲ್ಲಿ ಪಟೇಕ್ ಫಿಲಿಪ್ ತನ್ನ ಮೊದಲ ಬಾರಿಸೋ ಕೈಗಡಿಯಾರ ಮಾಡಿದ್ದೂ ಹೆಂಗಸಿಗಾಗಿಯೇ, ಪ್ಲಾಟಿನಂ ಕೇಸು, ಅಗಲ ಬರೀ 27.1 ಮಿಲಿಮೀಟರ್, ಐದೈದು ನಿಮಿಷದ ಲೆಕ್ಕದಲ್ಲಿ ಬಾರಿಸೋದು. ನಿಮ್ಮ ಹತ್ರ ಇರೋ ಹತ್ತು ರೂಪಾಯಿ ನಾಣ್ಯ ಕೈಗೆ ತಗೊಂಡು ನೋಡಿ, ಅದಕ್ಕಿಂತ ಅಷ್ಟೇನೂ ದೊಡ್ಡದಲ್ಲ.

ಕ್ವಾರ್ಟ್ಜ್, ಅಂದ್ರೆ ಸೆಲ್ಲಿಂದ ಓಡೋ ವಾಚು, ಬಂದ ಮೇಲೆ ಕೆಟ್ಟಿತು. ಹೆಂಗಸರಿಗೆ ಮಷೀನಲ್ಲಿ ಆಸಕ್ತಿ ಇಲ್ಲ ಅಂತ ಕಂಪನಿಗಳೇ ತೀರ್ಮಾನ ಮಾಡಿ ಸೆಲ್ಲು ಹಾಕಿ ಸುತ್ತ ಹರಳು ಕೂರಿಸಿ ಕೈ ತೊಳಕೊಂಡವು. ಯಾರನ್ನ ಕೇಳಿ ತೀರ್ಮಾನ ಮಾಡಿದ್ರೋ! 2011ರಲ್ಲಿ ಪಟೇಕ್ ಮತ್ತೆ ಹೆಂಗಸರಿಗಾಗಿ 7000 ನಂಬರಿನ ಮಿನಿಟ್ ರಿಪೀಟರ್ ತಂತು, ರೋಸ್ ಗೋಲ್ಡ್ ಕೇಸು, ಅಗಲ 33.7 ಮಿಲಿಮೀಟರ್, ಕೈ ಆಡಿಸಿದಂತೆ ತಾನೇ ಕೀ ಆಗೋ ಮಷೀನು. ಗಂಡಸರ ರಿಪೀಟರಲ್ಲಿ ಹಾಕೋ ಅದೇ ಮಷೀನು ಇದರಲ್ಲೂ, ಯಾವುದನ್ನೂ ಕಡಿಮೆ ಮಾಡಿಲ್ಲ. ರೋಸ್ ಗೋಲ್ಡ್ ಯಾಕೆ ಅಂದ್ರೆ ಸ್ವರ ತುಂಬಿಕೊಂಡು ಬೆಚ್ಚಗೆ ಕೇಳ್ತದೆ ಅಂತ ಈ ವಿದ್ಯೆ ಬಲ್ಲವರು ಹೇಳ್ತಾರೆ, ಪ್ಲಾಟಿನಂ ಭಾರಕ್ಕೆ ದನಿಯನ್ನ ತಾನೇ ನುಂಗ್ತದೆ. ಸಣ್ಣ ಕೇಸಲ್ಲಿ ತಂತಿ ಗಿಡ್ಡ, ದನಿ ಮೊಳಗೋಕೆ ಒಳಗೆ ಗಾಳಿಯ ಜಾಗವೂ ಕಮ್ಮಿ, ಹಾಗಾಗಿ ಹೆಂಗಸರ ಕೈಗೊಪ್ಪೋ ಅಳತೇಲಿ ಚೆನ್ನಾಗಿ ಬಾರಿಸೋ ವಾಚು ಮಾಡೋದು ಗಂಡಸರದ್ದಕ್ಕಿಂತ ಕಷ್ಟ. ಅಪರೂಪ ಆಗಿರೋದಕ್ಕೆ ಇದೂ ಒಂದು ಕಾರಣ.

*ಪ್ರಶ್ನೆ: ನಮ್ಮ ಆಯಿಗೆ ಗ್ಲಾಕೋಮಾದಿಂದ ದೃಷ್ಟಿ ಪೂರ್ತಿ ಹೋಗಿದೆ. ರಾತ್ರಿ ಎದ್ದು ಟೈಮೆಷ್ಟಾಯ್ತು ಅಂತ ಪ್ರತಿ ಸಲ ನಮ್ಮನ್ನ ಎಬ್ಬಿಸೋಕೆ ಅವರಿಗೇ ಸಂಕೋಚ. ಬಾರಿಸೋ ವಾಚು ಕಮ್ಮಿ ರೇಟಲ್ಲಿ ಸಿಗ್ತದಾ? — ಹೊನ್ನಾವರದಿಂದ ಒಬ್ಬ ಮಗಳು*

ನಿಮ್ಮ ಪತ್ರ ಓದಿ ಈ ವಾಚಿನ ಅಸಲಿ ಉಪಯೋಗ ಇದೇ ಅಲ್ವಾ ಅನ್ನಿಸ್ತು. ಮೆಕ್ಯಾನಿಕಲ್ ರಿಪೀಟರ್ ಕಮ್ಮಿ ರೇಟಲ್ಲಿ ಸಿಗೋದಿಲ್ಲ, ಸಿಗ್ತದೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಆದ್ರೆ ಆಯಿಯ ಕೆಲಸಕ್ಕೆ ಅದು ಬೇಕೂ ಇಲ್ಲ. ಒಂದು, ಗುಂಡಿ ಒತ್ತಿದ್ರೆ ಮಾತಾಡಿ ಟೈಮು ಹೇಳೋ ಸೆಲ್ಲಿನ ವಾಚು, ಅಗ್ಗಕ್ಕೆ ಸಿಗ್ತದೆ, ಹೆಚ್ಚಾಗಿ ಇಂಗ್ಲಿಷು ಇಲ್ಲಾ ಹಿಂದಿ. ಎರಡು, ಗಾಜಿನ ಮುಚ್ಚಳ ಎತ್ತಿ ಬೆರಳಿಂದ ಮುಳ್ಳು ಮುಟ್ಟಿ ನೋಡೋ ಬ್ರೈಲ್ ವಾಚು, ನಮ್ಮ ಎಚ್‌ಎಂಟಿಯೂ ಮಾಡಿತ್ತು, ಹಳೇದು ಈಗಲೂ ಕೆಲವರ ಹತ್ರ ಸಿಗ್ತದೆ, ಆದ್ರೆ ವಯಸ್ಸಾದವರ ಬೆರಳಿಗೆ ಅಭ್ಯಾಸ ಆಗೋಕೆ ಸ್ವಲ್ಪ ದಿನ ಬೇಕು. ಮೂರು, ಆಂಡ್ರಾಯ್ಡ್ ಫೋನಿನ ಟಾಕ್‌ಬ್ಯಾಕ್ ಅನ್ನೋ ಸೌಲಭ್ಯ ಪರದೆ ಮೇಲಿರೋದನ್ನ ಕನ್ನಡದಲ್ಲೇ ಓದಿ ಹೇಳ್ತದೆ, ಮನೇಲಿ ಒಬ್ಬರು ಕೂತು ಸೆಟ್ ಮಾಡಿ ಕಲಿಸಬೇಕು.

ಆ್ಯಪಲ್ ವಾಚು ಇದ್ರೆ ಅದರಲ್ಲಿ ಮಣಿಕಟ್ಟಿಗೆ ತಟ್ಟಿ ಟೈಮು ಹೇಳೋ ಸೌಲಭ್ಯ ಅದೆ, ಗಂಟೆ ಬೇರೆ ನಿಮಿಷ ಬೇರೆ, ಉದ್ದ ತಟ್ಟು ಗಿಡ್ಡ ತಟ್ಟು, ರಿಪೀಟರಿನ ಲೆಕ್ಕದ ಜಾತಿಯದ್ದೇ, ಸದ್ದೂ ಇಲ್ಲ. ಸಿಟಿಜನ್ ಕಂಪನಿ ಕ್ವಾರ್ಟ್ಜ್ ಮಷೀನಲ್ಲೇ ಗಂಟೆ, ಕಾಲು ಗಂಟೆ, ನಿಮಿಷ ಬಾರಿಸೋ ವಾಚು ಮಾಡಿದೆ, ಸ್ವಿಸ್ ರಿಪೀಟರಿನ ಬೆಲೆಗೆ ಹೋಲಿಸಿದ್ರೆ ಅದು ಏನೂ ಅಲ್ಲ, ಆದ್ರೂ ಗಂಡಸರ ಅಳತೆ, ಆಯಿಯ ಕೈಗೆ ಭಾರ ಆಗಬಹುದು. ನನ್ನ ಮಾತು ಕೇಳೋದಾದ್ರೆ ಮೊದಲು ಮಾತಾಡೋ ವಾಚು ತನ್ನಿ, ಗುಂಡಿ ದೊಡ್ಡದಿರೋದನ್ನ ಆರಿಸಿ, ದಿಂಬಿನ ಪಕ್ಕದಲ್ಲಿ ದಿನಾ ಅದೇ ಜಾಗದಲ್ಲಿ ಇಡಿ.

*ಪ್ರಶ್ನೆ: ಮದುವೆ ಮನೆಗೆ ಕಟ್ಕೊಂಡು ಹೋಗಬಹುದಾ, ಬೀಚಿಗೆ? — ಅಂಕೋಲಾದಿಂದ*

ಮದುವೆ ಮನೆಗೆ ಧಾರಾಳವಾಗಿ, ಆದ್ರೆ ವಾದ್ಯದ ಗಲಾಟೇಲಿ ಯಾರಿಗೂ ಕೇಳೋದಿಲ್ಲ, ಪಕ್ಕದ ಕೋಣೆಗೆ ಕರೆದು ಕೇಳಿಸಿ. ಅಡುಗೆ ಮನೆ ಹಬೆಗೆ, ಕೈ ತೊಳೆಯೋ ನೀರಿಗೆ ದೂರ. ಬೀಚಿಗೆ ಬೇಡವೇ ಬೇಡ.

*ಪ್ರಶ್ನೆ: ದುಬೈಲಿರೋ ಅಣ್ಣ ಅತ್ತಿಗೆಗೆ ಸೆಕೆಂಡ್ ಹ್ಯಾಂಡ್ ಲೇಡೀಸ್ ರಿಪೀಟರ್ ನೋಡಿದ್ದಾನೆ. ಏನೇನು ನೋಡಿ ತಗೋಬೇಕು? — ಭಟ್ಕಳದಿಂದ*

ಕಣ್ಣಿಗಿಂತ ಮೊದಲು ಕಿವಿ. ಅಂಗಡಿಯ ಎಸಿ, ಮ್ಯೂಸಿಕ್ ಎಲ್ಲಾ ಬಂದ್ ಮಾಡಿಸಿ, ಕೈಗೆ ಕಟ್ಟಿಕೊಂಡೂ ಕೇಳ್ಬೇಕು, ಮೇಜಿನ ಮೇಲಿಟ್ಟೂ ಕೇಳ್ಬೇಕು, ಮೇಜಿನ ಮೇಲೆ ಜೋರಾಗಿ ಕೇಳ್ತದೆ ಅಂತ ಮೋಸ ಹೋಗ್ಬಾರದು, ಮರ ದನಿಯನ್ನ ಹೆಚ್ಚಿಸ್ತದೆ. ಮಾರೋರ ಕೈಯಿಂದಲೇ 12 ಗಂಟೆ 59 ನಿಮಿಷಕ್ಕೆ ಮುಳ್ಳು ಇಡಿಸಿ ಪೂರ್ತಿ ಬಾರಿಸಿ, ಕೊನೆಯ ಏಟಿನ ತನಕ ವೇಗ ಒಂದೇ ಥರ ಇರಬೇಕು, ಏಟಿನ ಮಧ್ಯೆ ಗರಗರ ಸದ್ದು ಬರಬಾರದು, ಒಂದು ಏಟು ಜೋರು ಒಂದು ಮೆಲ್ಲ ಆಗಬಾರದು. ಎಣಿಸಿ ನೋಡಿ, ಲೆಕ್ಕ ತಪ್ಪಿದ್ರೆ ಬಿಟ್ಟು ಎದ್ದು ಬನ್ನಿ. ಆಮೇಲೆ ಪೇಪರು. ಕಂಪನಿಯ ಸರ್ಟಿಫಿಕೇಟಲ್ಲಿರೋ ಕೇಸ್ ನಂಬರು, ಮಷೀನ್ ನಂಬರು ವಾಚಿನ ನಂಬರಿಗೆ ತಾಳೆ ಆಗಬೇಕು, ಕೊನೇ ಸರ್ವಿಸ್ ಯಾವಾಗ ಎಲ್ಲಿ ಆಯ್ತು ಅನ್ನೋ ಬಿಲ್ಲು ಬೇಕು. ಊರಿಗೆ ತರುವಾಗ ಏರ್‌ಪೋರ್ಟಲ್ಲಿ ಡಿಕ್ಲೇರ್ ಮಾಡಿ ಡ್ಯೂಟಿ ಕಟ್ಟಿಯೇ ತರ್ಲಿ, ಕೈಗೆ ಕಟ್ಕೊಂಡು ಬಂದ್ರೆ ಗೊತ್ತಾಗಲ್ಲ ಅಂತ ಯಾರೋ ಹೇಳಿದ ಮಾತು ಕೇಳಿ ಅತ್ತಿಗೆಗೆ ಕೊಡೋ ಉಡುಗೊರೇನ ಕಸ್ಟಮ್ಸಿನವರ ಕೈಗೆ ಕೊಡೋದು ಬೇಡ. ಅತ್ತಿಗೆಯನ್ನೂ ಕರ್ಕೊಂಡು ಹೋಗೋಕೆ ಹೇಳಿ, ದನಿ ಹಿಡಿಸಬೇಕಾದ್ದು ಅವರಿಗೆ.